ಸೀನಿಯರ್‌ಗೆ ಗೊತ್ತಿತ್ತು, ಫೈಲಿಗೆ ಗೊತ್ತಿರಲಿಲ್ಲ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮುಗಿಸಿದ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ಬರೆದಾಕೆ ಸಾರ್ವಜನಿಕ ವಸತಿ ಸೇವೆಯೊಂದರ ಸಿಬ್ಬಂದಿ. ಬಾಡಿಗೆ ಬಾಕಿ ಉಳಿಸಿಕೊಂಡವರ ಮನೆ, ಗೋಡೆ ಸೋರುತ್ತಿದೆ ಎಂದು ದೂರಿದವರ ಮನೆ, ಮಂಜೂರಾದವರೇ ವಾಸವಿದ್ದಾರಾ ಎಂದು ನೋಡಬೇಕಾದ ಮನೆ, ಹೀಗೆ ದಿನವಿಡೀ ಒಬ್ಬರೇ ಮೆಟ್ಟಿಲು ಹತ್ತಿ ಇಳಿಯುವ ಕೆಲಸ. ಹೋದ ತಿಂಗಳು ಬಾಕಿಯ ನೋಟಿಸ್ ಮುಟ್ಟಿದ ಮಾರನೇ ದಿನವೇ ಒಂದು ಮನೆಗೆ ಹೋದರು. ಒಳಗೆ ಕೂತ ಮೇಲೆ ಮನೆಯಾತ ಎದ್ದು ಚಿಲಕ ಹಾಕಿದ, ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಎಳೆದುಕೊಂಡು ಕೂತ. "ನೋಟಿಸ್ ವಾಪಸ್ ತಗೊಂಡಿದೀನಿ ಅಂತ ಬರೆದುಕೊಟ್ಟು ಹೋಗಿ" ಅಂದ. ಕೈ ಎತ್ತಲಿಲ್ಲ, ಕೆಟ್ಟ ಮಾತಾಡಲಿಲ್ಲ. ಪಕ್ಕದ ಮನೆಯವರು ಏನೋ ಕೇಳಲು ಬಾಗಿಲು ಬಡಿದಾಗ ಈಕೆ ಎದ್ದು ಹೊರಗೆ ಬಂದರು.

ಆಕೆಯ ಪ್ರಶ್ನೆ ಇಷ್ಟು: ದೂರು ಕೊಡಲಾ, ಬೇಡವಾ? ಆತನಿಗೆ ಕೆಲಸ ಹೋಗಿದೆ, ಇಬ್ಬರು ಚಿಕ್ಕ ಮಕ್ಕಳಿದ್ದಾರೆ. "ನನ್ನಿಂದ ಆ ಮಕ್ಕಳು ಬೀದಿಗೆ ಬಂದರೆ ನನಗೆ ನಿದ್ದೆ ಹತ್ತುತ್ತಾ ಮೇಡಂ?"

ನಿಮ್ಮ ಮನಸ್ಸು ಒಳ್ಳೆಯದು ತಂಗಿ, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ಕಣ್ಣು ಕುಕ್ಕಿದ್ದು ನೀವು ಸುಮ್ಮನೆ ದಾಟಿಹೋದ ಒಂದು ಸಾಲು. "ಆಫೀಸಿಗೆ ಬಂದು ಹೇಳಿದಾಗ ಸೀನಿಯರ್ ನಕ್ಕು, ಅಯ್ಯೋ ಆ ಮನೆಯಾ, ಅವನು ಹಾಗೇ, ನನ್ನನ್ನೂ ಒಂದ್ಸಲ ಕೂಡಿಹಾಕಿದ್ದ, ನಿಮಗೆ ಗೊತ್ತಿರಲಿಲ್ವಾ ಅಂದರು." ಅಷ್ಟು ಬರೆದು ಮುಂದಿನ ಸಾಲಿನಲ್ಲಿ ವರ್ಗಾವಣೆಯ ಮಾತಿಗೆ ಹೋಗಿಬಿಟ್ಟಿದ್ದೀರಿ.

ಗೊತ್ತಿರಲಿಲ್ಲ. ಹೇಗೆ ಗೊತ್ತಿರುತ್ತೆ? ಯಾರೂ ಬರೆದಿಟ್ಟಿರಲಿಲ್ಲ. ಬಾಗಿಲು ಹಾಕಿದವನಿಗಿಂತ ನನಗೆ ಆ ನಗುವಿನ ಮೇಲೇ ಹೆಚ್ಚು ಕೋಪ. ಅವನಿಗೆ ಕೆಲಸ ಹೋಗಿತ್ತು, ಕೈಯಲ್ಲಿ ನೋಟಿಸ್ ಇತ್ತು, ತಲೆ ಕೆಟ್ಟಿತ್ತು. ಅವನು ಮಾಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸೀನಿಯರ್‌ಗೆ ಏನಾಗಿತ್ತು? ಅದೇ ಮನೆಯಲ್ಲಿ ತಾವೇ ಸಿಕ್ಕಿಹಾಕಿಕೊಂಡು, ಹೇಗೋ ಹೊರಬಂದು, ಫೈಲಿಗೆ ಒಂದು ಸಾಲೂ ಸೇರಿಸದೆ ಅದನ್ನು ಊಟದ ಹೊತ್ತಿನ ತಮಾಷೆ ಮಾಡಿಕೊಂಡರು. ಆಮೇಲೆ ಅದೇ ಫೈಲು ನಿಮ್ಮ ಕೈಗೆ ಬಂತು.

ಬಾಯಿಮಾತಿನ ದೂರು ದೂರಲ್ಲ ಎಂದು ಈ ಅಂಕಣದಲ್ಲಿ ನಾನು ಹೇಳುತ್ತಲೇ ಬಂದಿದ್ದೇನೆ. ಅತ್ತೆ-ಸೊಸೆ ಜಗಳಕ್ಕೂ ಇದನ್ನೇ ಹೇಳಿ ಬೈಸಿಕೊಂಡಿದ್ದೇನೆ. ಕಚೇರಿಯ ವಿಷಯದಲ್ಲಿ ಮಾತ್ರ ಇದರಲ್ಲಿ ಒಂದಿಂಚೂ ಹಿಂದೆ ಸರಿಯಲಾರೆ.

ನಿಮಗಿರುವ ಭಯ ಏನೆಂದರೆ, ಬರೆದರೆ ಆ ಕುಟುಂಬಕ್ಕೆ ಕೆಡುಕಾಗುತ್ತದೆ ಅಂತ. ಬರೆಯದೇ ಇದ್ದರೆ ಆಗುವ ಕೆಡುಕನ್ನು ಯೋಚಿಸಿ ನೋಡಿ. "ಅವನು ಹಾಗೇ" ಎನ್ನುವ ಮಾತಿಗೆ ತಾರೀಕಿಲ್ಲ, ಸಹಿಯಿಲ್ಲ. ಯಾವತ್ತು, ಯಾಕೆ, ಎಷ್ಟರಮಟ್ಟಿಗೆ ಎಂದು ಯಾರೂ ಕೇಳುವಂತಿಲ್ಲ. ನಾಳೆ ಅವನ ಸೋರುವ ಗೋಡೆಯ ಅರ್ಜಿ ಬಂದರೆ "ಆ ಮನೆಗೆ ಯಾರು ಹೋಗ್ತಾರೆ" ಎಂದು ಪಕ್ಕಕ್ಕಿಡುತ್ತಾರೆ, ಅವನಿಗೆ ಕಾರಣವೇ ತಿಳಿಯುವುದಿಲ್ಲ. ಬರೆದಿಟ್ಟಿದ್ದಕ್ಕೆ ಅವನು ಉತ್ತರ ಕೊಡಬಹುದು. ಆರು ತಿಂಗಳಿಗೋ ವರ್ಷಕ್ಕೋ ಯಾರಾದರೂ ಅದನ್ನು ಮತ್ತೆ ತೆರೆದು, ಆಮೇಲೆ ತೊಂದರೆಯಾಗಿಲ್ಲ ಎಂದು ಕಂಡರೆ ತೆಗೆದುಹಾಕಬಹುದು. ಗುಸುಗುಸುವನ್ನು ತೆಗೆದುಹಾಕುವವರು ಯಾರು? ಇನ್ನೊಂದು ಮಾತು: ಘಟನೆಯ ವರದಿ ಎಂದರೆ ಮನೆ ಖಾಲಿ ಮಾಡಿಸುವ ಅರ್ಜಿಯಲ್ಲ. ಅದರಿಂದ ಆಗಬೇಕಾದ್ದು ಇಷ್ಟೇ, ಮುಂದಿನ ಸಲ ಇಬ್ಬರು ಹೋಗುವುದು, ಇಲ್ಲವೇ ಅವನನ್ನೇ ಕಚೇರಿಗೆ ಕರೆಸಿ ಬಾಕಿಯನ್ನು ಕಂತು ಮಾಡಿಕೊಡುವುದು. ನೋಟಿಸ್ ಮುಟ್ಟಿದ ಮಾರನೇ ದಿನವೇ ಒಬ್ಬರನ್ನೇ ಅಲ್ಲಿಗೆ ಅಟ್ಟಿದ ಪುಣ್ಯಾತ್ಮರು ಯಾರೋ, ಅವರಿಗೂ ಆ ವರದಿಯಿಂದ ಒಂದು ಪಾಠವಾದೀತು. ಬಾಕಿ, ತೆರವು, ಅರ್ಜಿ ತಿರಸ್ಕಾರ, ಇಂಥ ಕೆಟ್ಟ ಸುದ್ದಿ ಬಿಸಿಯಾಗಿರುವಾಗ ಒಂಟಿಯಾಗಿ ಹೋಗಬಾರದು ಎನ್ನುವುದಕ್ಕೆ ತರಬೇತಿ ಬೇಕಾಗಿಲ್ಲ.

ತಮ್ಮನಿಗೆ ಲೈವ್ ಲೊಕೇಶನ್ ಕಳಿಸುತ್ತೇನೆ, ಅವನು ಸಂಜೆ ಫೋನ್ ಮಾಡುತ್ತಾನೆ ಎಂದಿದ್ದೀರಿ. ಒಳ್ಳೆಯ ಹುಡುಗ. ಆದರೆ ನಕ್ಷೆಯ ಮೇಲಿನ ಆ ಚುಕ್ಕೆ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ, ಚಿಲಕ ಬಿದ್ದಿದೆ ಎಂದು ಹೇಳುವುದಿಲ್ಲ. ನೆಲಮಾಳಿಗೆಯಲ್ಲೋ ಲಿಫ್ಟಿನಲ್ಲೋ ಸಿಗ್ನಲ್ ಹೋದರೆ ಅದೂ ಇಲ್ಲ. ಅದಕ್ಕಿಂತ ಮುಖ್ಯ, ನಿಮ್ಮನ್ನು ಕೆಲಸಕ್ಕೆ ಕಳಿಸಿದ್ದು ನಿಮ್ಮ ತಮ್ಮನಲ್ಲ.

1986ರ ಜುಲೈ 28ರಂದು ಲಂಡನ್‌ನಲ್ಲಿ ಸೂಸಿ ಲ್ಯಾಂಪ್ಲೂ ಎಂಬ 25 ವರ್ಷದ ಯುವತಿ ಗಿರಾಕಿಯೊಬ್ಬನಿಗೆ ಮನೆ ತೋರಿಸಲು ಮಧ್ಯಾಹ್ನ ಕಚೇರಿಯಿಂದ ಹೊರಟಳು. ಮನೆ ಮಾರಾಟದ ಏಜೆನ್ಸಿಯ ಕೆಲಸ ಅವಳದು. ವಾಪಸ್ ಬರಲೇ ಇಲ್ಲ, ಇವತ್ತಿಗೂ ಸಿಕ್ಕಿಲ್ಲ. ಪೊಲೀಸರಿಗೆ ಸಿಕ್ಕಿದ್ದು ಅವಳ ಡೈರಿಯಲ್ಲಿ ಬರೆದಿಟ್ಟ ಸಮಯ, ವಿಳಾಸ ಮತ್ತು 'ಮಿಸ್ಟರ್ ಕಿಪ್ಪರ್' ಎಂಬ ಹೆಸರು. ಸುದ್ದಿ ಅವರಿಗೆ ಮುಟ್ಟಿದ್ದು ಸಂಜೆ. ಎಲ್ಲಿಗೆ ಹೋಗಿದ್ದಾಳೆ ಎಂದು ಬರೆದಿಟ್ಟರೆ ಸಾಲದು, ಹೇಳಿದ ಹೊತ್ತಿಗೆ ಬಂದಳಾ ಎಂದು ನೋಡುವುದು ಯಾರದಾದರೂ ಒಬ್ಬರ ಕೆಲಸವಾಗಿರಬೇಕು. ಅದೇ ವರ್ಷ ಅವಳ ತಂದೆ-ತಾಯಿ ಮಗಳ ಹೆಸರಿನಲ್ಲಿ ಕಟ್ಟಿದ ಟ್ರಸ್ಟ್ ಒಂಟಿಯಾಗಿ ದುಡಿಯುವವರ ಸುರಕ್ಷತೆಗಾಗಿ ಈಗಲೂ ಕೆಲಸ ಮಾಡುತ್ತಿದೆ.

ನಿಮ್ಮಲ್ಲೂ ಚಲನವಲನ ರಿಜಿಸ್ಟರ್ ಇದ್ದೇ ಇರುತ್ತದೆ. ಹೊರಟ ಸಮಯ ಶ್ರದ್ಧೆಯಿಂದ ಬರೆದಿರುತ್ತಾರೆ, ವಾಪಸ್ ಬಂದ ಸಮಯವನ್ನು ತಿಂಗಳ ಕೊನೆಗೆ ಒಟ್ಟಿಗೆ ತುಂಬುತ್ತಾರೆ. ಮುಗಿಯಬೇಕಾದ ಹೊತ್ತಿಗೆ ನಿಮ್ಮ ಕರೆ ಬರದಿದ್ದರೆ ಇಂಥವರು ಫೋನ್ ಮಾಡಬೇಕು, ಎತ್ತದಿದ್ದರೆ ಇಷ್ಟು ನಿಮಿಷಕ್ಕೆ ಪೊಲೀಸರಿಗೆ ತಿಳಿಸಬೇಕು ಎಂದು ಹೆಸರು ಹಿಡಿದು ಗೊತ್ತುಮಾಡಿರದಿದ್ದರೆ ಆ ರಿಜಿಸ್ಟರ್ ಇದ್ದೂ ಇಲ್ಲದಂತೆ. ಬಾಗಿಲ ಹತ್ತಿರ ಕೂರುವುದು, ಮನೆಯವರನ್ನು ಮುಂದೆ ಬಿಟ್ಟು ಹಿಂದೆ ನಡೆಯುವುದು, "ಗಾಡಿಯಲ್ಲಿ ಫಾರ್ಮ್ ಬಿಟ್ಟು ಬಂದೆ" ಎಂದು ಎದ್ದು ಬರುವುದು, ಇವೆಲ್ಲ ನಿಮಗೆ ಗೊತ್ತೇ ಇರಬಹುದು. ಇವೆಲ್ಲ ನೀವು ಮಾಡಬೇಕಾದ ಕೆಲಸ. ಕಚೇರಿ ಮಾಡಬೇಕಾದ್ದು ಬೇರೆಯೇ ಇದೆ.

ಕೆಲಸದಲ್ಲಿನ ಹಿಂಸೆ ಮತ್ತು ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ 190ನೇ ಒಡಂಬಡಿಕೆ ಮಾಡಿತು. ಪ್ರಾಣಕ್ಕೋ ಆರೋಗ್ಯಕ್ಕೋ ಸುರಕ್ಷತೆಗೋ ಗಂಭೀರ ಅಪಾಯ ಎದುರಿಗೇ ಇದೆ ಎಂದು ನಂಬಲು ಕಾರಣವಿದ್ದರೆ ಆ ಜಾಗದಿಂದ ಎದ್ದು ಬರುವ ಹಕ್ಕು ಕೆಲಸಗಾರರದು, ಅದಕ್ಕಾಗಿ ಅವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಅದು. ಅದನ್ನು ಅನುಮೋದಿಸಿದ ದೇಶಗಳಿಗೆ ಮಾತ್ರ ಅದು ಕಟ್ಟುಪಾಡು, ನಿಜ. ಆದರೂ "ದೊಡ್ಡದು ಮಾಡಬೇಡಿ, ಅಡ್ಜಸ್ಟ್ ಮಾಡಿಕೊಳ್ಳಿ" ಎನ್ನುವವರ ಮುಂದೆ ಹೇಳಲು ನಿಮ್ಮ ಬಳಿ ಒಂದು ಮಾತಿರಲಿ.

ವರ್ಗಾವಣೆ ಕೇಳಬೇಡಿ. ನೀವು ಹೋದರೆ ಆ ಫೈಲು ಇನ್ನೊಬ್ಬಳ ಕೈಗೆ ಹೋಗುತ್ತದೆ, ಅಷ್ಟೇ.

ಮಾಡಬೇಕಾದ್ದು ಒಂದೇ. ಇವತ್ತೇ ಒಂದು ಪುಟ ಬರೆಯಿರಿ. ತಾರೀಕು, ಸಮಯ, ಚಿಲಕ, ಕುರ್ಚಿ, ಅವನಂದ ಮಾತು ಅಂದಂತೆಯೇ ಇರಲಿ. ರೌಡಿ, ಹುಚ್ಚ ಎಂಬ ವಿಶೇಷಣ ಒಂದೂ ಬೇಡ. ಅವನಿಗೆ ಕೆಲಸ ಹೋಗಿದೆ, ಕಂತು ಮಾಡಿಕೊಟ್ಟರೆ ಒಳ್ಳೆಯದು ಎಂಬುದನ್ನೂ ಸೇರಿಸಿ. ಸೀನಿಯರ್ ಹೇಳಿದ ಹಿಂದಿನ ಘಟನೆಯನ್ನು ಅವರ ಹೆಸರಿನ ಸಮೇತ ಬರೆಯಿರಿ, ಮುಜುಗರವಾದರೆ ಅವರಿಗೇ ಆಗಲಿ. ಟಪಾಲಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅದಾದ ಮೇಲೂ ಯಾರಾದರೂ ಆ ಮನೆಗೆ ಒಬ್ಬರೇ ಹೋಗಿ ಬನ್ನಿ ಎಂದರೆ, ಆ ಆದೇಶವನ್ನು ಬರವಣಿಗೆಯಲ್ಲಿ ಕೊಡಿ ಸಾರ್ ಎಂದು ಕೇಳಿ. ಕೊಡುವುದಿಲ್ಲ. ನೀವೂ ಹೋಗಬೇಡಿ.