ಹಿಪ್ ಹಾಪ್ ಕೇಳುವ ಮಕ್ಕಳ ಭಾಷೆ ಕೆಡುತ್ತದೆಯೇ?

ಪಿಯುಸಿ ಓದುತ್ತಿರುವ ಮಗ ದಿನವಿಡೀ ಹಿಪ್ ಹಾಪ್ ಕೇಳುತ್ತಾನೆ, ಈಚೆಗೆ ತಾನೇ ಅದರ ತಾಳಬದ್ಧ, ಪ್ರಾಸಬದ್ಧ ಮಾತಾದ ರ‍್ಯಾಪ್ ಬರೆಯತೊಡಗಿದ್ದಾನೆ, ಇದರಿಂದ ಅವನ ಭಾಷೆ ಮತ್ತು ನಡವಳಿಕೆ ಕೆಡುತ್ತದೆಯೇ ಎಂದು ನೀವು ಕೇಳಿದ್ದೀರಿ. ಉಡುಪಿಯ ಪದವಿ ಕಾಲೇಜೊಂದರಲ್ಲಿ ಕನ್ನಡ ಕಲಿಸುವವನಾಗಿ ಹೇಳುವುದಾದರೆ, ನಡವಳಿಕೆಯ ಬಗ್ಗೆ ನಿಮ್ಮ ಆತಂಕಕ್ಕೆ ಸ್ವಲ್ಪ ಆಧಾರವಿದೆ. ಭಾಷೆಯ ಬಗ್ಗೆ ಇಲ್ಲ.

ಹಿಪ್ ಹಾಪ್ ಪ್ರಿಯರು ತೊಡುವ ದೊಗಲೆ ಅಂಗಿ, ಟೋಪಿ, ದಪ್ಪ ಸರಗಳು ಹೆಚ್ಚೆಂದರೆ ಕೆಲಸಕ್ಕೆ ಸೇರುವವರೆಗೆ ಉಳಿಯುತ್ತವೆ. ಭಾಷೆಯ ಮೇಲಾಗುವ ಪರಿಣಾಮ ಅದಕ್ಕಿಂತ ಆಳವಾದುದು. ನಮ್ಮ ಕರಾವಳಿಯ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡಿ, ಪರೀಕ್ಷೆಯಲ್ಲಿ ಪುಸ್ತಕದ ಕನ್ನಡವನ್ನೋ ಇಂಗ್ಲಿಷನ್ನೋ ಬರೆಯುವವರು. ಮನೆಮಾತಿನಲ್ಲಿ ಏನನ್ನಾದರೂ ತಿದ್ದಿ ತೀಡಿ ಬರೆಯುವ ಸಂದರ್ಭವೇ ಅವರಲ್ಲಿ ಬಹುಪಾಲು ಮಂದಿಗೆ ಒದಗುವುದಿಲ್ಲ. ರ‍್ಯಾಪ್ ಅದನ್ನು ಒದಗಿಸಿದೆ.

ವಿದ್ಯಾರ್ಥಿಯೊಬ್ಬ ತಾನು ತುಳುವಿನಲ್ಲಿ ಬರೆದುದನ್ನು ಒಮ್ಮೆ ತೋರಿಸಿದ. ಸಾಲುಗಳೆಲ್ಲ ‘ಬರ್ಪೆ’, ‘ಪೋಪೆ’ ಎಂದು ಕ್ರಿಯಾಪದದಲ್ಲೇ ಮುಗಿಯುತ್ತಿದ್ದವು. ಕನ್ನಡ, ತುಳುಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ, ಹಾಗಾಗಿಯೇ ಬೇಗ ಬೇಸರ ಹುಟ್ಟಿಸುತ್ತದೆ. ಅವನು ಕ್ರಿಯಾಪದಗಳನ್ನು ಸಾಲಿನ ನಡುವಿಗೆ ತಂದು, ನಾಲ್ಕು ಪೆಟ್ಟಿನ ತಾಳಕ್ಕೆ ಮೇಜು ಕುಟ್ಟಿಕೊಂಡು, ಎಲ್ಲವನ್ನೂ ಮತ್ತೆ ಬರೆದು ತಂದ. ಹಳಗನ್ನಡದ ಕವಿಗಳು ಪಾಲಿಸುತ್ತಿದ್ದ, ಪ್ರತಿ ಸಾಲಿನ ಎರಡನೆಯ ಅಕ್ಷರದ ಪ್ರಾಸ ಕೆಲವೆಡೆ ಅವನಿಗೆ ತಿಳಿಯದೆಯೇ ಬಂದಿತ್ತು. ಛಂದಸ್ಸಿನ ಪಾಠದಲ್ಲಿ ಕಿಟಕಿಯಾಚೆ ನೋಡುತ್ತಿದ್ದ ಹುಡುಗನೇ ಇವನು!

ಇನ್ನು ನಡವಳಿಕೆಯ ವಿಚಾರ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದ ಕೂಟದಿಂದ ಹಿಪ್ ಹಾಪ್‌ನ ಚರಿತ್ರೆಯನ್ನು ಲೆಕ್ಕ ಹಾಕುವ ರೂಢಿಯಿದೆ. ಹೆದ್ದಾರಿಗಾಗಿ ಮನೆಗಳನ್ನು ಕೆಡವಿದ್ದ, ಬಡತನ ಮತ್ತು ನಿರುದ್ಯೋಗ ತುಂಬಿದ್ದ ಆ ಪ್ರದೇಶದ ಯುವಕರು ಕಂಡುಂಡದ್ದನ್ನು ಹೇಳಲು ಮುಂದೆ ಈ ಕಲೆಯೇ ದಾರಿಯಾಯಿತು. ನಮ್ಮ ಹುಡುಗರು ಕೆಲವೊಮ್ಮೆ ದಾರಿಯನ್ನು ಬಿಟ್ಟು ಅವರ ಬದುಕನ್ನೇ ಎರವಲು ತರುತ್ತಾರೆ. ಮಲ್ಪೆಯಲ್ಲಿ ಬೆಳೆದವನು ಮೀನುಗಾರಿಕೆ ನಿಂತ ಮಳೆಗಾಲದ ಮನೆಯ ಖರ್ಚಿನ ಬಗ್ಗೆ ಬರೆಯುವುದನ್ನು ಬಿಟ್ಟು, ಎಂದೂ ಕಾಣದ ಪಿಸ್ತೂಲಿನ ಬಗ್ಗೆ ಬರೆಯುತ್ತಾನೆ. ಹೆಣ್ಣುಮಕ್ಕಳನ್ನು ಹೀಗಳೆಯುವ ಸಾಲುಗಳೂ ಅದರ ಜೊತೆಯಲ್ಲೇ ಬಂದುಬಿಡುತ್ತವೆ. ನನ್ನ ಆಕ್ಷೇಪವಿರುವುದು ಇದಕ್ಕೆ. ಜಂಭಕ್ಕೂ ಸವಾಲಿಗೂ ಅಲ್ಲ. ವೇಷವಿಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರಗಳಾಗಿ ವಾದಿಸುವ ಅರ್ಥಧಾರಿಗಳು ಬರೆದಿಟ್ಟುಕೊಂಡ ಮಾತಿಲ್ಲದೆ ಎದುರಾಳಿಯನ್ನು ಕೆಣಕುವುದನ್ನು ರಾತ್ರಿಯಿಡೀ ಕುಳಿತು ಮೆಚ್ಚುವ ನಾವು, ಇಬ್ಬರು ಎದುರುಬದುರು ನಿಂತು ಒಬ್ಬರನ್ನೊಬ್ಬರು ಮೀರಿಸಲು ನೋಡುವ ರ‍್ಯಾಪ್ ಬ್ಯಾಟಲ್‌ನ ಕೆಣಕುಮಾತನ್ನು ಮಾತ್ರ ಒರಟುತನವೆನ್ನುವುದು ನ್ಯಾಯವಲ್ಲ.

ಮಗ ಬರೆದದ್ದನ್ನು ಓದಿ ಹೇಳಲು ಕೇಳಿ. ಅದರಲ್ಲಿ ನಿಮ್ಮ ಊರು, ಅವನ ಕಾಲೇಜು, ಬಸ್ಸಿನ ನೂಕುನುಗ್ಗಲು, ಕಡೆಗೆ ನಿಮ್ಮ ಮೇಲಿನ ದೂರೇ ಇದ್ದರೂ ಬರೆಯಲು ಬಿಡಿ. ಕೀಳುಮಾತು ಕಂಡರೆ ಇಯರ್‌ಫೋನ್ ಕಿತ್ತುಕೊಳ್ಳುವ ಬದಲು, ಆ ಒಂದು ಸಾಲನ್ನು ಹಿಡಿದು ಏಕೆ ಬರೆದೆಯೆಂದು ಪ್ರಶ್ನಿಸಿ.