ಹೋಗಿದ್ದೆನಂತೆ, ನಿಂತಿದ್ದೆನಂತೆ

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ಎರಡು ತಿಂಗಳಿಂದ ವಾರಕ್ಕೆ ಒಂದೆರಡು ಸಲ ರಾತ್ರಿ ನಿದ್ದೆಯಲ್ಲೇ ಎದ್ದು ಓಡಾಡುತ್ತಾನೆ. ಕಣ್ಣು ಬಿಟ್ಟಿರುತ್ತಾನೆ, ಕರೆದರೆ ಓಗೊಡುವುದಿಲ್ಲ. ಮೊನ್ನೆ ಚಿಲಕ ತೆಗೆದು ಅಂಗಳಕ್ಕೆ ಹೋಗಿ ಬಾವಿಕಟ್ಟೆ ಹತ್ತಿರ ನಿಂತಿದ್ದ. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ. ಅತ್ತೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದಾರೆ. ಎಬ್ಬಿಸಿದರೆ ಜೀವಕ್ಕೇ ಅಪಾಯ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಶಿರಸಿ

ಉತ್ತರ: ಮೊದಲು ಬಾವಿ. ಅದಕ್ಕೆ ಇವತ್ತೇ ಗಟ್ಟಿ ಜಾಲರಿ ಹಾಕಿಸಿ. ಬಾಗಿಲಿಗೆ ಅವನ ಕೈಗೆ ಎಟುಕದಷ್ಟು ಎತ್ತರದಲ್ಲಿ ಇನ್ನೊಂದು ಚಿಲಕ ಇರಲಿ, ಜೊತೆಗೆ ಒಂದು ಗಂಟೆ ಕಟ್ಟಿ. ದನದ ಕೊರಳಿಂದು ಇದ್ದರೆ ಅದೇ ಆದೀತು, ನಿಮಗೆ ಎಚ್ಚರವಾದರೆ ಸಾಕು. ಉಳಿದದ್ದು ಆಮೇಲೆ ಓದಿ.

ಗಾಳಿಗೀಳಿ ಏನೂ ಅಲ್ಲ. ಮಲಗಿದ ಮೊದಲ ಒಂದೆರಡು ಗಂಟೆಗಳಲ್ಲಿ ನಮ್ಮ ನಿದ್ದೆ ಬಹಳ ಗಾಢ, ಮಕ್ಕಳದ್ದಂತೂ ಇನ್ನೂ ಆಳ. ಅಲ್ಲಿಂದ ಮೆದುಳು ಪೂರ್ತಿ ಏಳದೆ ಅರ್ಧಂಬರ್ಧ ಎದ್ದಾಗ ಹೀಗಾಗುತ್ತದೆ. ಕೈಕಾಲು ಆಡಿಸುವ ಭಾಗ ಎದ್ದಿರುತ್ತದೆ, ಯೋಚಿಸುವ, ನೆನಪಿಡುವ ಭಾಗ ಇನ್ನೂ ಮಲಗಿರುತ್ತದೆ. ಅದಕ್ಕೇ ಅವನಿಗೆ ಚಿಲಕ ತೆಗೆಯುವುದಕ್ಕೆ ಬರುತ್ತದೆ, ಬಾವಿ ಅಪಾಯ ಅಂತ ಮಾತ್ರ ಹೊಳೆಯುವುದಿಲ್ಲ. ಜನ ಇದನ್ನು ಕನಸು ಕಾಣುತ್ತಾ ನಡೆಯೋದು ಅಂದುಕೊಳ್ಳುತ್ತಾರೆ. ಆದರೆ ಕನಸು ಜೋರಾಗಿ ಬೀಳುವುದು ಬೇರೆ ಹಂತದ ನಿದ್ದೆಯಲ್ಲಿ, ಬೆಳಗಿನ ಜಾವಕ್ಕೆ ಅದು ಜಾಸ್ತಿ. ಆಗ ಮೆದುಳೇ ಮೈಯನ್ನು ಅಲ್ಲಾಡದ ಹಾಗೆ ಕಟ್ಟಿಹಾಕಿರುತ್ತದೆ.

ಇದು ವಂಶದಲ್ಲಿ ಹರಿದು ಬರುವುದೂ ಹೌದು. ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 1,900 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಪ್ಪ ಅಮ್ಮ ಯಾರೂ ನಿದ್ದೆಯಲ್ಲಿ ನಡೆದವರಲ್ಲದಿದ್ದರೆ ಮಕ್ಕಳಲ್ಲಿ ಶೇ 22ರಷ್ಟು ಮಂದಿ ನಡೆದಿದ್ದರು, ಒಬ್ಬರು ನಡೆದವರಾಗಿದ್ದರೆ ಶೇ 47, ಇಬ್ಬರೂ ಆಗಿದ್ದರೆ ಶೇ 61. ಸುಮ್ನೆ ನಿಮ್ಮ ಅತ್ತೆಯವರನ್ನೇ ಕೇಳಿ ನೋಡಿ, ಅವರ ಮಗ ಚಿಕ್ಕವನಿದ್ದಾಗ ರಾತ್ರಿ ಎಲ್ಲೆಲ್ಲಿ ಹೋಗುತ್ತಿದ್ದ ಅಂತ. ಒಂದು ಹಳೇ ತಾಯತದ ಕಥೆ ಹೊರಬಂದರೂ ಬಂದೀತು!

ಎಬ್ಬಿಸಿದರೆ ಜೀವ ಹೋಗುವುದಿಲ್ಲ. ಆದರೆ ಹಿಡಿದು ಅಲುಗಾಡಿಸಿದರೆ ಗಾಬರಿಯಿಂದ ಅಳಬಹುದು, ನಿಮ್ಮನ್ನೇ ತಳ್ಳಬಹುದು. ಹೆಗಲ ಮೇಲೆ ಕೈಯಿಟ್ಟು, 'ಬಾ ಪುಟ್ಟ, ಮಲಗೋಣ' ಅಂತ ಮೆಲ್ಲಗೆ ಹಾಸಿಗೆಗೆ ಕರೆದುಕೊಂಡು ಬನ್ನಿ, ಅಷ್ಟೇ. ಸಾಮಾನ್ಯವಾಗಿ ಯಾವ ಹೊತ್ತಿಗೆ ಏಳುತ್ತಾನೆ ಅಂತ ಒಂದು ವಾರ ಬರೆದಿಡಿ. ಹೆಚ್ಚುಕಮ್ಮಿ ಒಂದೇ ಹೊತ್ತಾದರೆ ಅದಕ್ಕೆ 15–30 ನಿಮಿಷ ಮೊದಲೇ ಎಬ್ಬಿಸಿ, ಒಂದಕ್ಕೆ ಮಾಡಿಸಿ, ಮತ್ತೆ ಮಲಗಿಸಿ. ಎರಡರಿಂದ ನಾಲ್ಕು ವಾರ ಹೀಗೆ ಮಾಡಿದರೆ ಎಷ್ಟೋ ಮಕ್ಕಳಲ್ಲಿ ನಿಲ್ಲುತ್ತದೆ. ರಾತ್ರಿ ಬೇಗ ಮಲಗಿಸಿ. ನಿದ್ದೆಗೆಟ್ಟ ದಿನ, ಜ್ವರ ಬಂದ ದಿನ ಇದು ಜಾಸ್ತಿ. ದೊಡ್ಡವರಾಗುತ್ತಾ ಹೆಚ್ಚಿನ ಮಕ್ಕಳಿಗೆ ತಾನಾಗಿ ಹೋಗುತ್ತದೆ. ತಾಯತ ಬೇಕಿದ್ದರೆ ಇರಲಿ, ಅದರಿಂದ ನಷ್ಟವಿಲ್ಲ. ಆದರೆ ಅವನ ಎದುರಿಗೆ 'ಗಾಳಿ ಸೋಕಿದೆ' ಅನ್ನುವುದು ಬೇಡ.

ಯಾಕೆ ಅಂತ ಹೇಳುತ್ತೇನೆ. ನಾನೂ ಚಿಕ್ಕವನಿದ್ದಾಗ ಹಾಗೆ ಓಡಾಡಿದವನೇ. ಒಂದು ರಾತ್ರಿ ಅಡುಗೆಮನೆಗೆ ಹೋಗಿದ್ದೆನಂತೆ, ಅಕ್ಕಿ ಡಬ್ಬದ ಮುಂದೆ ನಿಂತಿದ್ದೆನಂತೆ, ಮುಚ್ಚಳ ತೆಗೆದು ಅದರೊಳಗೇ ಒಂದಕ್ಕೆ ಮಾಡಿದೆನಂತೆ. ಎಲ್ಲಾ 'ಅಂತೆ'ಯೇ ನೋಡಿ. ನನ್ನದೇ ಕೈಕಾಲು ಮಾಡಿದ ಕೆಲಸ, ಹೇಳುವಾಗ ಮಾತ್ರ ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ ಹೇಳಬೇಕು. ಪ್ರತಿ ಮದುವೆಮನೆಯಲ್ಲೂ ಚಿಕ್ಕಪ್ಪ ಇದನ್ನು ಹೇಳಿ ನಗಿಸುತ್ತಿದ್ದರು, ಸಲಕ್ಕೊಂದು ವಿವರ ಸೇರುತ್ತಿತ್ತು, 'ಇಲ್ಲ, ಹಾಗಾಗಲಿಲ್ಲ' ಅನ್ನಲು ನನ್ನ ಹತ್ತಿರ ನೆನಪೇ ಇರಲಿಲ್ಲ. ನಿಮ್ಮ ಮಗನಿಗೂ ಆ ರಾತ್ರಿಗಳ ಬಗ್ಗೆ ಸಿಗುವುದು ನೀವು ಹೇಳಿದ್ದಷ್ಟೇ. ಕೇಳಿದರೆ 'ನಿದ್ದೆಗಣ್ಣಲ್ಲಿ ಎದ್ದಿದ್ದೆ, ಮಲಗಿಸಿದೆ' ಅನ್ನಿ. ನೆಂಟರಿಗೆ ಹೇಳಲೇಬೇಡಿ.

ಪ್ರಶ್ನೆ: ನನಗೆ 21 ವರ್ಷ, ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ಪರೀಕ್ಷೆ ಹೊತ್ತಿನಲ್ಲಿ ನಿದ್ದೆಯಲ್ಲಿ ಎದ್ದು ಕಾರಿಡಾರ್‌ನಲ್ಲಿ ಓಡಾಡಿದ್ದೇನೆ. ರೂಮ್‌ಮೇಟ್ ವಿಡಿಯೊ ಮಾಡಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದಳು. ಇನ್ನೊಬ್ಬಳು ಹೆದರಿ ಬೇರೆ ರೂಮಿಗೆ ಹೋದಳು. ಈಗ ಮಲಗಲಿಕ್ಕೇ ಭಯ. ಪಿಜಿ ಬಿಡಲಾ?

ಉತ್ತರ: ಬಿಡಬೇಡಿ. ಭಯದಿಂದ ನಿದ್ದೆಗೆಟ್ಟರೆ ನಡೆಯುವುದು ಇನ್ನೂ ಜಾಸ್ತಿಯಾಗುತ್ತದೆ, ಇದೊಂದು ಕೆಟ್ಟ ಸುಳಿ. ನೀವು ಒಬ್ಬರೇ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ನೋಡಿದಾಗ ದೊಡ್ಡವರಲ್ಲಿ ಶೇ 1.5ರಷ್ಟು ಮಂದಿ ಆ ಹಿಂದಿನ ಒಂದು ವರ್ಷದಲ್ಲಿ ನಿದ್ದೆಯಲ್ಲಿ ನಡೆದಿದ್ದರು. ಅಂದರೆ ಇನ್ನೂರು ಹುಡುಗಿಯರ ಪಿಜಿಯಲ್ಲಿ ಲೆಕ್ಕಕ್ಕೆ ಇನ್ನಿಬ್ಬರು ಇರಬಹುದು. ಬಾಯಿ ಬಿಟ್ಟಿರಲಿಕ್ಕಿಲ್ಲ, ನಿಮಗಾದದ್ದು ನೋಡಿದ ಮೇಲೆ ಬಿಡುವುದೂ ಇಲ್ಲ.

ಆ ವಿಡಿಯೊ ಗ್ರೂಪಿಂದ ತೆಗೆಯಲು ಹೇಳಿ, ಆದರೆ ನಿಮಗೊಂದು ಪ್ರತಿ ಕಳಿಸಲು ಹೇಳಿ. ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಎಚ್ಚರವಿಲ್ಲದವರನ್ನು ಚಿತ್ರ ತೆಗೆದು ಹಂಚುವುದು ತಮಾಷೆಯಲ್ಲ, ಇದನ್ನು ಅವಳಿಗೆ ನೇರವಾಗಿಯೇ ಹೇಳಿ. ರೂಮ್ ಬಿಟ್ಟು ಹೋದವಳ ಮೇಲೆ ಮಾತ್ರ ಸಿಟ್ಟು ಬೇಡ. ನಡುರಾತ್ರಿ ಒಬ್ಬರು ಕಣ್ಣು ಬಿಟ್ಟುಕೊಂಡು, ಮಾತಿಲ್ಲದೆ ಎದುರು ಬಂದು ನಿಂತರೆ ಯಾರಿಗೂ ಎದೆ ಝಲ್ ಅನ್ನುತ್ತದೆ. ಏನಾಗುತ್ತಿದೆ, ಆಗ ಏನು ಮಾಡಬೇಕು ಅಂತ ನೀವೇ ಮೊದಲು ಹೇಳಿಬಿಟ್ಟರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಬಾಲ್ಕನಿ ಬಾಗಿಲು ರಾತ್ರಿ ಬೀಗ ಹಾಕಿರಲಿ, ಕೀ ರೂಮ್‌ಮೇಟ್ ಹತ್ತಿರ ಇರಲಿ. ಮಂಚದ ಮೇಲಿನ ಹಂತದಲ್ಲಿ ಮಲಗುತ್ತಿದ್ದರೆ ಕೆಳಗೆ ಬನ್ನಿ.

ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಜೋಲ್ಪಿಡೆಮ್‌ನಂಥ ಮಾತ್ರೆಗಳಿಂದಲೂ ಜನ ನಿದ್ದೆಯಲ್ಲಿ ನಡೆದು ಗಾಯ ಮಾಡಿಕೊಂಡಿದ್ದಾರೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇವುಗಳ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಅಂಥದ್ದೇನಾದರೂ ಇದ್ದರೆ ಬರೆದುಕೊಟ್ಟ ವೈದ್ಯರಿಗೆ ತಕ್ಷಣ ತಿಳಿಸಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇದ್ದರೆ ಅದನ್ನೂ ಹೇಳಿ, ಅದಕ್ಕೆ ಚಿಕಿತ್ಸೆ ಆದರೆ ಇದೂ ಕಡಿಮೆಯಾಗಬಹುದು. ಪರೀಕ್ಷೆ ಮುಗಿದು ನಿದ್ದೆ ಸರಿಹೋದ ಮೇಲೂ ನಡೆಯುತ್ತಿದ್ದರೆ ನಿಮ್ಹಾನ್ಸ್ ನಿಮ್ಮ ಊರಲ್ಲೇ ಇದೆಯಲ್ಲ, ಹೋಗಿ ತೋರಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ 62. ಬೆಳಗಿನ ಜಾವ ನಿದ್ದೆಯಲ್ಲೇ ಕೂಗುತ್ತಾರೆ, ಒದೆಯುತ್ತಾರೆ. ಎಬ್ಬಿಸಿದರೆ 'ಕಳ್ಳ ಬಂದಿದ್ದ, ಹೊಡೀತಿದ್ದೆ' ಅಂತ ಕನಸು ಪೂರ್ತಿ ಹೇಳುತ್ತಾರೆ. ಹೋದ ವಾರ ನನ್ನ ಕೆನ್ನೆ ಊದಿತು. ಇದೂ ಅದೇನಾ?

ಉತ್ತರ: ಅಲ್ಲ. ಬೆಳಗಿನ ಜಾವ, ಕನಸಿನ ನೆನಪು, ಈ ವಯಸ್ಸು, ಮೂರೂ ಬೇರೆ ಕಡೆ ಬೆರಳು ತೋರಿಸುತ್ತವೆ. ಕನಸಿನ ಹೊತ್ತಿನಲ್ಲಿ ಮೈ ಕಟ್ಟಿಹಾಕಿರುತ್ತದೆ ಅಂದೆನಲ್ಲ, ಆ ಕಟ್ಟು ಸಡಿಲವಾದಾಗ ಹೀಗಾಗುತ್ತದೆ. ಇದನ್ನು ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಕೆಲವರಲ್ಲಿ ಇದು ಪಾರ್ಕಿನ್ಸನ್‌ನಂಥ ಕಾಯಿಲೆಗಳ ಮುನ್ಸೂಚನೆ ಆಗಿರಬಹುದು, ಎಲ್ಲರಲ್ಲೂ ಅಲ್ಲ. ಅಲ್ಲಿಯವರೆಗೆ ನೀವು ಬೇರೆ ಹಾಸಿಗೆಯಲ್ಲಿ ಮಲಗಿ. ಯಜಮಾನರು ಬೇಜಾರು ಮಾಡಿಕೊಂಡರೆ ಈ ಪುಟ ತೋರಿಸಿ, ಕೆನ್ನೆಯನ್ನೂ ತೋರಿಸಿ.