ಮೂರನೇ ಅಧ್ಯಾಯದ ಮೊದಲ ಸಾಲು

ಕಲಬುರಗಿಯ ನನ್ನ ಆಪ್ತಸಲಹೆ ಕೊಠಡಿಗೆ ಬರುವವರು ಹೆಚ್ಚಾಗಿ ಗಂಡ-ಹೆಂಡತಿ ಜಗಳ, ಮಕ್ಕಳ ಮಾರ್ಕ್ಸು, ನಿದ್ದೆ ಬಾರದ್ದು ಇಂಥದ್ದನ್ನೇ ಹೇಳಿಕೊಳ್ಳುತ್ತಾರೆ. ಬರೆಯೋಕೆ ಆಗ್ತಿಲ್ಲ ಅಂತ ಬರುವವರು ಕಡಿಮೆ. ಬಂದರೂ ಅದನ್ನು ಮೊದಲಿಗೇ ಬಾಯಿ ಬಿಡುವುದಿಲ್ಲ. ಇಲ್ಲಿ ನಾನು ಹೇಳಹೊರಟಿರುವ ಈಕೆಯೂ ತಲೆನೋವು ಅಂತಲೇ ಶುರು ಮಾಡಿದ್ದರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು ಮೂವತ್ತೈದು ದಾಟಿದೆ. ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಮಕ್ಕಳು. 2023ರಲ್ಲಿ ಪಿಎಚ್‌ಡಿಗೆ ಸೇರಿದ್ದಾರೆ. ವಿಷಯ ತತ್ವಪದ, ಅಂದರೆ ಅನುಭಾವಿಗಳು ಕಟ್ಟಿದ ಹಾಡು. ಕಡಕೋಳ ಮಡಿವಾಳಪ್ಪನವರು ಮತ್ತು ಅವರ ಶಿಷ್ಯರ ಪದಗಳನ್ನು ನಮ್ಮ ಕಡೆಯ ಹಳ್ಳಿಗಳ ಹೆಂಗಸರು ಹೇಗೆ ಹಾಡಿಕೊಂಡು ಬಂದಿದ್ದಾರೆ ಅನ್ನುವುದು ಅವರ ಹುಡುಕಾಟ.

"ಊರೂರು ಅಡ್ಡಾಡಿ ಪದ ಕೂಡಿಸೋದು ಮುಗದದ ಮೇಡಂ. ಫೋನ್ ತುಂಬ ರೆಕಾರ್ಡಿಂಗ್ ಅವ. ಬರೀಲಾಕ ಕೂತ್ರ ಒಂದ ಸಾಲೂ ಬರವಲ್ದು. ಈ ಕೆಲಸ ನನ್ನ ಕೈಲಿ ಆಗೋದಲ್ಲೇನೋ ಅನಸ್ಲಕತ್ತದ."

ಮೊದಲು ನೋಡಿದ್ದು ಖಿನ್ನತೆ ಇದೆಯಾ ಅಂತ. ಬರವಣಿಗೆ ನಿಂತಿದೆ ಅಂದವರಲ್ಲಿ ಕೆಲವರಿಗೆ ನಿಜಕ್ಕೂ ನಿಂತಿರುವುದು ಊಟ, ನಿದ್ದೆ, ಎಲ್ಲದರ ಮೇಲಿನ ಆಸೆ. ಅಂಥವರಿಗೆ ದಿನಾ ಒಂದು ಪುಟ ಬರಿ ಅಂತ ಹೇಳಿದರೆ ಇನ್ನೊಂದು ಸೋಲು ಕೈಗೆ ಕೊಟ್ಟಂತೆ. ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಹಿಂದಿನ ಎರಡು ವಾರಗಳ ಬಗ್ಗೆ ಕೇಳುತ್ತದೆ. 27ಕ್ಕೆ 10 ಅಥವಾ ಜಾಸ್ತಿ ಬಂದರೆ, ಇಲ್ಲವೇ ಸಾವಿನ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಹೌದು ಅಂದರೆ, ನಾನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಈಕೆಯದು ಅದಕ್ಕಿಂತ ಕೆಳಗಿತ್ತು. ಪಾಠ ಖುಷಿಯಿಂದ ಮಾಡುತ್ತಿದ್ದರು, ಮಕ್ಕಳ ಜೊತೆ ನಗುತ್ತಿದ್ದರು. ಸಂಕಟ ಲ್ಯಾಪ್‌ಟಾಪ್ ತೆರೆದಾಗ ಮಾತ್ರ.

ಹಾಗಾದರೆ ಲ್ಯಾಪ್‌ಟಾಪ್ ತಗೊಂಡೇ ಬನ್ನಿ ಅಂದೆ.

ತಂದರು. ಮೂರನೇ ಅಧ್ಯಾಯದ ಫೋಲ್ಡರ್ ತೆರೆದರೆ 'ಅಧ್ಯಾಯ 3 ಹೊಸದು', 'ಅಧ್ಯಾಯ 3 ಹೊಸದು ಫೈನಲ್', 'ಅಧ್ಯಾಯ 3 ಇದೇ ಫೈನಲ್'. ಎಲ್ಲದರಲ್ಲೂ ಇದ್ದದ್ದು ಒಂದೇ ಪ್ಯಾರಾ, ಬೇರೆ ಬೇರೆ ಥರ ತಿದ್ದಿದ್ದು. ನನ್ನೆದುರೇ ಸ್ವಲ್ಪ ಬರೀರಿ ಅಂದೆ. 'ತತ್ವಪದ ಎಂಬುದು' ಅಂತ ಟೈಪ್ ಮಾಡಿದರು, ಅಳಿಸಿದರು. 'ತತ್ವಪದಗಳೆಂದರೆ', ಅದನ್ನೂ ಅಳಿಸಿದರು. 'ಹೈದರಾಬಾದ್ ಕರ್ನಾಟಕದ', ಅಲ್ಲಿ ನಿಂತು, ಈಗ ಕಲ್ಯಾಣ ಕರ್ನಾಟಕ ಅಂತ ಹಾಕಬೇಕಲ್ವಾ ಮೇಡಂ ಅಂತ ನನ್ನನ್ನೇ ಕೇಳಿದರು. ಇವರಿಗೆ ಸಾಲು ಬರುತ್ತಲೇ ಇತ್ತು. ಬಂದದ್ದನ್ನು ಉಳಿಯಲು ಬಿಡುತ್ತಿರಲಿಲ್ಲ.

ಈ ತೊಂದರೆಗೆ 1940ರ ದಶಕದಲ್ಲಿ ಎಡ್ಮಂಡ್ ಬರ್ಗ್ಲರ್ ಅನ್ನುವ ಮನೋವಿಶ್ಲೇಷಕ 'ರೈಟರ್ಸ್ ಬ್ಲಾಕ್' ಅಂತ ಹೆಸರು ಕೊಟ್ಟ. ಕಾರಣ ಹುಡುಕುತ್ತಾ ಎಳೆಗೂಸಿನ ಕಾಲಕ್ಕೆ, ತಾಯಿಯ ಹಾಲಿಗೆ ಹೋಗಿ ಮುಟ್ಟಿದ! ನನಗೆ ಕೆಲಸಕ್ಕೆ ಬರುವುದು ಮೈಕ್ ರೋಸ್ ಅನ್ನುವ ಅಮೆರಿಕದ ಸಂಶೋಧಕ 1980ರಲ್ಲಿ ಬರೆದದ್ದು. ಬರೆಯಲು ತಡವರಿಸುವ ಐವರು, ಸಲೀಸಾಗಿ ಬರೆಯುವ ಐವರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿಸಿದ್ದ. ನಿಯಮಗಳು ಎಲ್ಲರ ತಲೆಯಲ್ಲೂ ಇದ್ದವು. ಸಲೀಸಾಗಿ ಬರೆಯುವವರು ಬೇಕಾದಾಗ ಅವನ್ನು ಬದಿಗಿಡುತ್ತಿದ್ದರು. ತಡವರಿಸುವವರಿಗೆ ಅವು ಮೀರಲೇಬಾರದ ಕಟ್ಟಳೆ ಆಗಿದ್ದವು.

ಈಕೆಯ ಕಟ್ಟಳೆ ಯಾವುದು? ಕೇಳಿದೆ. ತಕ್ಷಣ ಉತ್ತರ ಸಿಗಲಿಲ್ಲ. ಎರಡನೇ ಅಧ್ಯಾಯದ ಕರಡನ್ನು ಮಾರ್ಗದರ್ಶಕರು ತಿದ್ದಿ ಕೊಟ್ಟ ಪ್ರತಿ ತೋರಿಸಿದಾಗ ಸಿಕ್ಕಿತು. ಅಂಚಿನ ತುಂಬ ಕೆಂಪು ಪೆನ್ನು. ಒಂದೇ ಪ್ರಶ್ನೆ, ಮತ್ತೆ ಮತ್ತೆ: 'ಇದಕ್ಕೆ ಆಧಾರ ಏನು?' ಅವತ್ತಿನಿಂದ ಅಡಿಟಿಪ್ಪಣಿ ಕೈಯಲ್ಲಿಲ್ಲದೆ ಯಾವ ಸಾಲನ್ನೂ ಬರೆಯಬಾರದು ಅಂತ ಇವರು ತೀರ್ಮಾನ ಮಾಡಿಕೊಂಡಿದ್ದರು. ಆದರೆ ಮೂರನೇ ಅಧ್ಯಾಯ ಇರುವುದೇ ಬಾಯಿಂದ ಬಾಯಿಗೆ ಬಂದ ಪದಗಳ ಮೇಲೆ. ಒಂದೇ ಪದವನ್ನು ಒಂದೂರಿನ ಅಮ್ಮ ಐದು ನುಡಿ ಹಾಡಿದರೆ, ಪಕ್ಕದೂರಿನ ಅಮ್ಮ ಏಳು ನುಡಿ ಹಾಡುತ್ತಾರೆ. ಪದದ ಕೊನೆಗೆ ಬರುವ ಅಂಕಿತದ ಹೆಸರೂ ಕೆಲವು ಕಡೆ ಬದಲಾಗುತ್ತದೆ. ಅದಕ್ಕೆ ಯಾವ ಪುಸ್ತಕದ ಪುಟ ತೋರಿಸುವುದು?

ನನ್ನ ಮಟ್ಟಿಗೆ ಪ್ರಕರಣದ ಗಂಟು ಇದೇ. ಇವರ ಅಂಜಿಕೆಯ ಒಳಗೆ ಒಂದು ನಿಜವಾದ ಪ್ರಶ್ನೆ ಇತ್ತು, ಅದನ್ನು ಯಾರ ಹತ್ತಿರವೂ ಕೇಳಿರಲಿಲ್ಲ. ಧೈರ್ಯ ತುಂಬುವ ಮಾತು ಹೇಳಿ ಕಳಿಸಿದ್ದರೆ ಪ್ರಶ್ನೆ ಹಾಗೇ ಉಳಿಯುತ್ತಿತ್ತು. ಸರ್ ಹತ್ತಿರ ಹೋಗಿ ಇಷ್ಟೇ ಕೇಳಿ ಅಂದೆ: "ಸರ್, ಹಾಡಿದವರ ಹೆಸರು, ಊರು, ತಾರೀಖು ಬರಕೊಂಡೀನಿ. ರೆಕಾರ್ಡಿಂಗೂ ಅದ. ಇದನ್ನ ಆಧಾರ ಅಂತ ಕೊಡಬಹುದೇನ್ರೀ?" ಆ ವಾಕ್ಯವನ್ನು ನನ್ನೆದುರು ಹೇಳಿ ಹೇಳಿ ರೂಢಿ ಮಾಡಿಕೊಂಡು ಹೋದರು. ಮಾರ್ಗದರ್ಶಕರು ಕೊಡಬಹುದು ಅಂದರಂತೆ. ಹೊರಗಿನ ಪರೀಕ್ಷಕರು ನಾಳೆ ಕೇಳುತ್ತಾರೆ ಅಂತಲೇ ಅಷ್ಟೊಂದು ಬರೆದಿದ್ದೆ ಅಂತಲೂ ಹೇಳಿದರಂತೆ. ಮೊದಲೇ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು ಅನ್ನುವುದು ನನ್ನ ಸಿಟ್ಟು. ಈಕೆಗೆ ಸಿಟ್ಟೇನೂ ಬಂದಂತೆ ಕಾಣಲಿಲ್ಲ.

ಬರೆಯುವ ರೀತಿಯಲ್ಲೂ ಕೆಲವು ಬದಲಾವಣೆ ಹೇಳಿದೆ. ಅಧ್ಯಾಯವನ್ನು ಮೊದಲ ಸಾಲಿಂದ ಶುರು ಮಾಡಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪದ ಎತ್ತಿಕೊಳ್ಳಿ, ಅದರ ಎರಡು ರೂಪ ಅಕ್ಕಪಕ್ಕ ಇಡಿ, ವ್ಯತ್ಯಾಸ ಏನು ಅಂತ ಬರೀರಿ. ಆಧಾರ ಬೇಕಾದ ಕಡೆ ಒಂದು ನಕ್ಷತ್ರದ ಗುರುತು ಹಾಕಿ ಮುಂದೆ ಹೋಗಿ. ಗುರುತುಗಳನ್ನು ತುಂಬುವುದು ಶನಿವಾರ ಮಧ್ಯಾಹ್ನದ ಕೆಲಸ. ಬರೆಯುವುದು ಬೆಳಗ್ಗೆ 25 ನಿಮಿಷ. ಚೆನ್ನಾಗಿ ಬರುತ್ತಿದ್ದರೂ ಎದ್ದುಬಿಡಿ, ಮರುದಿನಕ್ಕೆ ಹಿಡಿಯಲು ಎಳೆ ಉಳಿಯುತ್ತದೆ. ಇಷ್ಟು ಚಿಕ್ಕ ಹೊತ್ತು ಸಾಕಾ ಅಂತ ಅವರಿಗೆ ಅನುಮಾನ. ಹೊತ್ತು ಎಷ್ಟು ಅನ್ನುವುದಕ್ಕಿಂತ ಗೊತ್ತಾದ ಹೊತ್ತಿಗೆ ಕೂರುವುದು ಮುಖ್ಯ ಅಂದೆ. ರಾಬರ್ಟ್ ಬಾಯ್ಸ್ ಅನ್ನುವ ಮನಶ್ಶಾಸ್ತ್ರಜ್ಞ ಕಾಲೇಜು ಅಧ್ಯಾಪಕರ ಮೇಲೆ ಮಾಡಿದ ಅಧ್ಯಯನ 1983ರಲ್ಲಿ ಬಂದಿದೆ. ಮನಸ್ಸು ಬಂದಾಗ ಬರೆಯುತ್ತೇವೆ ಅಂತ ಕಾದವರಿಗಿಂತ, ಗೊತ್ತಾದ ಹೊತ್ತಿಗೆ ಕಡ್ಡಾಯವಾಗಿ ಕೂತವರು ಜಾಸ್ತಿ ಬರೆದರು, ಹೊಸ ಯೋಚನೆಗಳೂ ಅವರಿಗೇ ಜಾಸ್ತಿ ಬಂದವು.

ಬಾಯಲ್ಲಿ ಹೇಳಿ ಫೋನಿನಲ್ಲೇ ಬರೆಸಿಕೊಳ್ಳುವುದನ್ನೂ ನೋಡಿದೆವು. ಎಷ್ಟೋ ಜನರಿಗೆ ಅದು ಒಗ್ಗುತ್ತದೆ. ಇವರಿಗೆ ಒಗ್ಗಲಿಲ್ಲ. ನಮ್ಮ ಕಡೆಯ ಮಾತು ಫೋನಿಗೆ ಸರಿಯಾಗಿ ಸಿಗದೆ ಏನೇನೋ ಮೂಡುತ್ತಿತ್ತು, ಅದನ್ನು ತಿದ್ದುತ್ತಾ ಕೂತು ಮತ್ತೆ ಹಳೇ ಚಾಳಿಗೇ ಬಿದ್ದರು. ಬಿಟ್ಟುಬಿಡಿ ಅಂದೆ.

ಇನ್ನೊಂದು ಹೆದರಿಕೆ ಅವಧಿಯದು. ಮೂರು ವರ್ಷ ಆಯಿತು, ನೋಂದಣಿ ರದ್ದಾಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮ ತೆಗೆದು ಇಬ್ಬರೂ ಓದಿದೆವು. ಮೂರು ವರ್ಷ ಕನಿಷ್ಠ ಅವಧಿ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೂ ಎರಡು ವರ್ಷ ಸಿಗಬಹುದು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು. ಓದುತ್ತಾ ಓದುತ್ತಾ ಅವರ ಹೆಗಲು ಕೆಳಗಿಳಿದದ್ದು ಕಾಣಿಸಿತು. ಆಪ್ತಸಲಹೆ ಅಂದರೆ ಬರೀ ಮನಸ್ಸಿನ ಮಾತು ಅಂದುಕೊಳ್ಳುವವರು ಜಾಸ್ತಿ. ಕೆಲವೊಮ್ಮೆ ನಿಯಮದ ಪುಟ ತೆರೆದರೆ ಸಾಕಾಗುತ್ತದೆ.

ಮನೆಯ ಕಡೆಯದು ಬೇಗ ಬಗೆಹರಿಯಿತು. ಅತ್ತೆ ಬೆಳಗಿನ ಆ 25 ನಿಮಿಷ ಒಲೆ ಮುಂದೆ ತಾವು ನಿಲ್ಲಲು ಒಪ್ಪಿದರು. ಗಂಡನದು ಮಕ್ಕಳನ್ನು ಎಬ್ಬಿಸುವ ಪಾಳಿ. ಮದುವೆ-ಮುಂಜಿಯಲ್ಲಿ "ಪಿಎಚ್‌ಡಿ ಮುಗೀತೇನವಾ?" ಅನ್ನುವವರಿಗೆ "ನಡದದ ನೋಡ್ರಿ" ಅಂತ ಹೇಳಿ ಊಟದ ಪಂಕ್ತಿಗೆ ನಡೆಯಿರಿ ಅಂದೆ. ವಿವರಣೆ ಕೊಡಲು ನಿಂತರೆ ಅವತ್ತಿನ ರಾತ್ರಿ ನಿದ್ದೆ ಹಾಳು.

ಮೂರನೇ ಅಧ್ಯಾಯ ಮಾರ್ಗದರ್ಶಕರ ಕೈ ಸೇರಿ, ತಿದ್ದುಪಡಿ ಆಗಿ ವಾಪಸ್ ಬಂದಿದೆ. ಕೆಂಪು ಗುರುತುಗಳು ಈಗಲೂ ಇವೆ. ಅವನ್ನು ಇಬ್ಬರೂ ಕೂತು ವಿಂಗಡಿಸಿದೆವು: ತಪ್ಪಿರುವುದು, ಇನ್ನಷ್ಟು ಬಿಡಿಸಿ ಹೇಳಬೇಕಾದ್ದು, ಸರ್ ರುಚಿಗೆ ಸಂಬಂಧಪಟ್ಟದ್ದು. ಮೂರನೆಯದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ ಅಂತ ಗೊತ್ತಾದಾಗ ನಕ್ಕರು. ನಾಲ್ಕನೇ ಅಧ್ಯಾಯ ಮಡಿವಾಳಪ್ಪನವರ ಶಿಷ್ಯ ಚೆನ್ನೂರ ಜಲಾಲ ಸಾಹೇಬರ ಪದಗಳ ಮೇಲೆ, ಅದನ್ನು ನಡುವಿನಿಂದಲೇ ಶುರು ಮಾಡಿದ್ದಾರೆ. ತಿಂಗಳಿಗೊಮ್ಮೆ ಬರುತ್ತಾರೆ. ನಡುವೆ ತೀರಾ ಕಂಗಾಲಾದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಕೊಟ್ಟಿದ್ದೇನೆ. ಹಗಲು-ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.